ಗೇಟಿನ ಪಕ್ಕದ ಚಾರ್ಜಿಂಗ್ ಪಾಯಿಂಟ್ ಮತ್ತು ನಮ್ಮ ದಾಕ್ಷಿಣ್ಯ: ಬಡಾವಣೆಯ ಸಂಘಕ್ಕೊಂದು ಬಹಿರಂಗ ಪತ್ರ

ನಮ್ಮ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಹಾಗೂ ಎಲ್ಲ ಅಡ್ಡರಸ್ತೆಗಳ ಹಿರಿಯರಿಗೆ, ಸೋದರ ಸೋದರಿಯರಿಗೆ,

ನಮಸ್ಕಾರಗಳು.

ಕಳೆದ ತಿಂಗಳು ಸಂಘದ ಲೆಟರ್‌ಹೆಡ್ಡಿನಲ್ಲಿ ನನಗೊಂದು ನೋಟಿಸ್ ಬಂತು. ನನ್ನ ಮನೆಯ ಕಾಂಪೌಂಡ್ ಗೋಡೆಗೆ ಹಾಕಿಸಿರುವ, ಎಲೆಕ್ಟ್ರಿಕ್ ವಾಹನಗಳ (ಇವಿ) ಚಾರ್ಜಿಂಗ್ ಪಾಯಿಂಟಿನಿಂದ ಹೊರಗಿನವರು ಬಡಾವಣೆಯೊಳಗೆ ಬಂದು ನಿಲ್ಲುತ್ತಿದ್ದಾರೆ, ಭದ್ರತೆಗೂ ಬೆಂಕಿಯ ಸುರಕ್ಷತೆಗೂ ಧಕ್ಕೆ ಇದೆ, ಆದ್ದರಿಂದ ಹದಿನೈದು ದಿನದೊಳಗೆ ಅದನ್ನು ತೆಗೆಸಬೇಕು ಎಂದು ಅದರಲ್ಲಿತ್ತು. ಅದೇ ನೋಟಿಸಿನ ಫೋಟೊ ಆ ಸಂಜೆಯೇ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೂ ಬಂತು. ಎಲ್ಲರೂ ಓದಿದ ಮೇಲೆ ನನ್ನ ಉತ್ತರವನ್ನೂ ಎಲ್ಲರೂ ಓದಲಿ ಎಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಜಗಳಕ್ಕಾಗಿ ಅಲ್ಲ. 1998ರಿಂದ ಈ ಬಡಾವಣೆಯಲ್ಲಿದ್ದೇನೆ, ಒಂದು ವರ್ಷವೂ ಚಂದಾ ಬಾಕಿ ಇಟ್ಟವನಲ್ಲ. ಐಟಿಐನಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರಿಗೆ ವೈರಿಂಗ್ ಕಲಿಸಿ ನಿವೃತ್ತನಾಗಿದ್ದೇನೆ. ಹಾಗಾಗಿ ಪ್ಲಗ್ಗು, ವೈರು, ಬೆಂಕಿಯ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆ ಕೊಡುತ್ತೀರಿ ಎಂದು ನಂಬಿದ್ದೇನೆ.

ಈ ಪಾಯಿಂಟ್ ಹುಟ್ಟಿದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ, ಜುಲೈನ ಒಂದು ಸಂಜೆ. ಜಿಟಿಜಿಟಿ ಮಳೆ. ಹಾಲು ತರಲು ಹೊರಟವನಿಗೆ ಎದುರು ಸಾಲಿನ ಕಟ್ಟಡವೊಂದರ ಮೂರನೇ ಮಹಡಿಯ ಕಿಟಕಿಯಿಂದ ಬಿಳಿ ವೈರೊಂದು ಕೆಳಗಿಳಿದಿರುವುದು ಕಾಣಿಸಿತು. ಮದುವೆಮನೆಯ ಸೀರಿಯಲ್ ಸೆಟ್ಟಿಗೆ ಬಳಸುವಂಥ ತೆಳು ವೈರು. ಮಧ್ಯದಲ್ಲಿ ಒಂದು ಜಾಯಿಂಟು, ಅದಕ್ಕೆ ಸುತ್ತಿದ ಕಪ್ಪು ಟೇಪು ಅರ್ಧ ಬಿಚ್ಚಿಕೊಂಡಿತ್ತು. ವೈರಿನ ಕೆಳತುದಿಯಲ್ಲಿ ಒಂದು ಎಕ್ಸ್‌ಟೆನ್ಷನ್ ಬಾಕ್ಸು, ಮಳೆ ತಾಗದಿರಲೆಂದು ಅದರ ಮೇಲೆ ಹಾಲಿನ ಪ್ಯಾಕೆಟ್ಟಿನ ಕವರು, ಅದಕ್ಕೆ ಸಿಕ್ಕಿಸಿದ ಸ್ಕೂಟರಿನ ಚಾರ್ಜರು. ಬಾಕ್ಸನ್ನು ಮುಟ್ಟಿದೆ, ಕೈ ಸುಟ್ಟಿತು. ಮೇಲೆ ಹೋಗಿ ಸ್ವಿಚ್ ಆಫ್ ಮಾಡಿಸಿ ಬಂದು ಬಾಕ್ಸ್ ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು, ಮೂರನೇ ಪಿನ್ನಿಗೆ, ಅಂದರೆ ಅರ್ಥಿಂಗಿಗೆ, ವೈರೇ ಇರಲಿಲ್ಲ.

ಆ ಸ್ಕೂಟರು ಒಬ್ಬ ನರ್ಸ್ ಹುಡುಗಿಯದು. ಚಾಮರಾಜನಗರದ ಕಡೆಯವಳು, ನೈಟ್ ಡ್ಯೂಟಿಗೆ ಹೋಗಿ ಬರಲು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಗಾಡಿ. ಅವಳ ಮನೆಯ ಮೀಟರು ಎಲ್ಲಿದೆ ಎಂದು ಕೇಳಿದೆ. ಕೆಳಗೆ ಪಾರ್ಕಿಂಗಿನಲ್ಲೇ ಇತ್ತು, ಅವಳ ಸ್ಕೂಟರಿಗೆ ಐದಡಿ ದೂರದಲ್ಲಿ. ಅವಳೇ ಬಿಲ್ ಕಟ್ಟುವ ಮೀಟರು. ಅಲ್ಲಿಂದ ಒಂದು ಪಾಯಿಂಟ್ ಎಳೆಸಿಕೊಳ್ಳಲು ಮನೆ ಮಾಲೀಕರು ಒಪ್ಪಿರಲಿಲ್ಲ. ಖರ್ಚು ತಾನೇ ಕೊಡುತ್ತೇನೆ ಎಂದರೂ ಬೇಡ ಎಂದಿದ್ದರಂತೆ. ಅದಕ್ಕೇ ಆ ವೈರು ಮೂರು ಮಹಡಿ ಇಳಿದಿತ್ತು.

ನಮ್ಮ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಮ್ಮಾ ಅಂದೆ. ಮಾಡಿಕೊಂಡಳು. ದುಡ್ಡು ಕೊಡಲು ಬಂದಳು, ನಾನು ತೆಗೆದುಕೊಳ್ಳಲಿಲ್ಲ. "ಇಪ್ಪತ್ತು ರೂಪಾಯಿ ಕರೆಂಟಿಗೆ ಎಂಥಾ ದುಡ್ಡಮ್ಮಾ" ಅಂದೆ. ಒಂದು ದಿನ ಬಾಳೆಹಣ್ಣು ತಂದಳು, ಇನ್ನೊಂದು ದಿನ ಊರಿಂದ ಬಂದ ಕೋಡುಬಳೆ. ನಾಲ್ಕನೇ ವಾರದಿಂದ ಬರಲೇ ಇಲ್ಲ. ವಿಚಾರಿಸಿದರೆ ಮತ್ತೆ ಅದೇ ವೈರು ಕಿಟಕಿಯಿಂದ ಇಳಿಯುತ್ತಿತ್ತು, ಕತ್ತಲಾದ ಮೇಲೆ, ನನ್ನ ಕಣ್ಣಿಗೆ ಬೀಳದ ಹಾಗೆ. ನಮ್ಮ ಮನೆಯವರು ಹೋಗಿ ಕೇಳಿದ್ದಕ್ಕೆ, "ದಿನಾ ಬಿಟ್ಟಿ ತಗೊಳ್ಳೋಕೆ ಮುಖ ಇಲ್ಲ ಆಂಟಿ" ಅಂದಳಂತೆ.

ಅವತ್ತು ನನಗೆ ಗೊತ್ತಾಯಿತು. ದುಡ್ಡು ಬೇಡ ಅಂದ ನಾನೇ ಆ ಹುಡುಗಿಯನ್ನು ಸುಟ್ಟ ಬಾಕ್ಸಿಗೆ ವಾಪಸ್ ಕಳಿಸಿದ್ದೆ. ಮರುದಿನವೇ ಗೇಟಿನ ಪಕ್ಕ ಒಂದು ಪಾಯಿಂಟು, ಒಂದು ಸಬ್ ಮೀಟರು ಹಾಕಿಸಿ, ಯೂನಿಟ್ಟಿಗೆ ಇಷ್ಟು ಎಂದು ಗೋಡೆಯ ಮೇಲೆ ಬರೆಸಿದೆ. ದಾರ ಕಟ್ಟಿ ಒಂದು ನೋಟ್‌ಬುಕ್ಕು ನೇತುಹಾಕಿದೆ. ಬಂದಾಗಿನ ರೀಡಿಂಗು, ಹೋಗುವಾಗಿನ ರೀಡಿಂಗು, ಯೂನಿಟ್ಟು, ದುಡ್ಡು. ಆವತ್ತಿನಿಂದ ಇವತ್ತಿನವರೆಗೆ ಆಕೆ ತಲೆ ಎತ್ತಿಕೊಂಡು ಬರುತ್ತಾಳೆ. ಒಂದು ದಿನ ಚಿಲ್ಲರೆ ಇಲ್ಲದೆ "4 ರೂ. ಬಾಕಿ" ಎಂದು ಬರೆದುಹೋಗಿ, ಮರುದಿನ ಅದನ್ನು ಹೊಡೆದುಹಾಕಿ "ಕೊಟ್ಟಿದೆ" ಎಂದು ಬರೆದಿದ್ದಾಳೆ. ಪುಟ ಈಗಲೂ ಇದೆ.

ಮಾನ್ಯರೇ, ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಬೀದಿಯವರು ಕೈಗಟ್ಟಿ ಜನ ಅಲ್ಲ. ಬೋರ್‌ವೆಲ್ ಕೆಟ್ಟಾಗ ಪಕ್ಕದ ಮನೆಗೆ ಪೈಪು ಎಳೆದು ನೀರು ಕೊಟ್ಟಿದ್ದೇವೆ. ರಾತ್ರಿ ಹೊತ್ತು ಹೆಪ್ಪಿಗೆ ಮಜ್ಜಿಗೆ ಕೇಳಿದರೆ ಇಲ್ಲ ಅಂದವರು ಯಾರೂ ಇಲ್ಲ. ಕರೆಂಟಿನ ವಿಷಯಕ್ಕೆ ಬಂದರೆ ಮಾತ್ರ ಬಾಗಿಲು ಮುಚ್ಚುತ್ತದೆ. ಯಾಕೆ ಎಂದು ತಿಳಿಯಲು ನೋಟಿಸ್ ಬಂದ ಮೇಲೆ ಮೂರು ಅಡ್ಡರಸ್ತೆಗಳ ಮನೆಮನೆಗೆ ಹೋಗಿ ಮಾತಾಡಿದೆ. ಬಹಳ ಜನ ಕೂರಿಸಿ ಕಾಫಿ ಕೊಟ್ಟು ಮನಸ್ಸು ಬಿಚ್ಚಿ ಹೇಳಿದರು.

ಹೆಚ್ಚು ಮನೆಗಳಲ್ಲಿ ಮೊದಲು ಬಂದ ಮಾತು ಒಂದೇ: "ನಮ್ಮ ಝೀರೋ ಬಿಲ್ ಹೋಗುತ್ತೆ ಸಾರ್." ಈ ಹೆದರಿಕೆಯನ್ನು ನಾನು ಸುಮ್ಮನೆ ತಳ್ಳಿಹಾಕುವುದಿಲ್ಲ, ಅದರಲ್ಲಿ ನಿಜವಿದೆ. 2023ರ ಜುಲೈನಿಂದ ಗೃಹಜ್ಯೋತಿ ಬಂದಿದೆ. ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅಷ್ಟು ಉಚಿತ, ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ದುಡ್ಡು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಒಂದು ಸ್ಕೂಟರು ದಿನಕ್ಕೆ 2 ಯೂನಿಟ್ ತೆಗೆದುಕೊಂಡರೂ ತಿಂಗಳಿಗೆ 60 ಆಯಿತು. 150 ಯೂನಿಟ್ ಬಳಸುವ ಮನೆ ಪಕ್ಕದವರ ಸ್ಕೂಟರಿಗೆ ಪ್ಲಗ್ ಕೊಟ್ಟರೆ 200 ದಾಟಿಬಿಡುತ್ತದೆ, ಪಕ್ಕದವರು ಕೊಡುವ ನಾಲ್ಕುನೂರು ಐನೂರಕ್ಕೆ ತನ್ನ ಮನೆಯ ಇಡೀ ಬಿಲ್ಲು ಮೈಮೇಲೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸರ್ಕಾರ ಮನೆ ಬಳಕೆಗೆಂದು ಉಚಿತವಾಗಿ ಕೊಟ್ಟ ಕರೆಂಟನ್ನು ಇನ್ನೊಬ್ಬರಿಗೆ ಮಾರುವುದು ಸರಿಯೂ ಅಲ್ಲ. ಹಾಗೆ ಮಾಡಿ ಎಂದು ಯಾರಿಗೂ ನಾನು ಹೇಳುವುದಿಲ್ಲ.

ಇದಕ್ಕೆ ದಾರಿ ಇದೆ, ನಾನು ಮಾಡಿರುವುದೂ ಅದನ್ನೇ. ಶುರುವಿನ ಕೆಲವು ವಾರ ಪಾಯಿಂಟು ನನ್ನ ಮನೆ ಮೀಟರಿನಲ್ಲೇ ಇತ್ತು. ಅದು ತಪ್ಪು ಎಂದು ಗೊತ್ತಾಗಿ, ಚಾರ್ಜಿಂಗಿಗೆಂದೇ ಬೇರೆ ಸಂಪರ್ಕ ತೆಗೆದುಕೊಂಡೆ. ಅದಕ್ಕೆ ಬೇರೆ ಆರ್‌ಆರ್ ನಂಬರು, ಬೇರೆ ಮೀಟರು, ಬೇರೆ ದರ. ಇವಿ ಚಾರ್ಜಿಂಗಿಗೆ ನಮ್ಮ ರಾಜ್ಯದ ದರಪಟ್ಟಿಯಲ್ಲಿ ಪ್ರತ್ಯೇಕ ವರ್ಗವೇ ಇದೆ. ಮನೆಯ ಝೀರೋ ಬಿಲ್ಲಿಗೂ ಗೇಟಿನ ಪಾಯಿಂಟಿಗೂ ಈಗ ಸಂಬಂಧವೇ ಇಲ್ಲ. ಗ್ರಾಹಕ ಕೇಳಿದರೆ ಇಂಥ ಪ್ರತ್ಯೇಕ ಸಂಪರ್ಕ ಕೊಡಬೇಕು ಎಂದು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯನ್ನೂ ತಂದಿದೆ. ನಾನು ಮಾತಾಡಿಸಿದ ಮನೆಗಳಲ್ಲಿ ಈ ವಿಷಯ ಗೊತ್ತಿದ್ದವರು ಇಬ್ಬರೇ.

ಎರಡನೆಯ ಕಾರಣ ಮೆಲ್ಲಗೆ ಬಂತು, ಅದೂ ಎರಡನೇ ಸಲ ಕೇಳಿದ ಮೇಲೆ. "ಪಕ್ಕದ ಮನೆಯವರ ಹತ್ತಿರ ಇಪ್ಪತ್ತೈದು ರೂಪಾಯಿ ಹೇಗೆ ಕೇಳೋದು?" ಇದು ನನಗೆ ಎಲ್ಲಕ್ಕಿಂತ ಆಳವಾದ ತೊಡಕು ಅನ್ನಿಸುತ್ತದೆ. ಕೊಡುವವರಿಗೆ ಕೇಳಲು ಸಂಕೋಚ, ತೆಗೆದುಕೊಳ್ಳುವವರಿಗೆ ಋಣದ ಭಾರ. ಇಬ್ಬರೂ ಒಳ್ಳೆಯವರೇ, ಇಬ್ಬರ ನಡುವೆ ದಾಕ್ಷಿಣ್ಯ ಕೂತುಬಿಟ್ಟಿರುತ್ತದೆ. ಹಿಟ್ಟಿನ ಗಿರಣಿಯವರ ಹತ್ತಿರ ನಮಗೆ ದಾಕ್ಷಿಣ್ಯ ಇಲ್ಲ, ಯಾಕೆಂದರೆ ಕೆಜಿಗೆ ಇಷ್ಟು ಎಂದು ಬೋರ್ಡಿದೆ. ಬ್ರಿಟನ್ನಿನಲ್ಲೂ ಇದೇ ಕಥೆ. ಅಲ್ಲಿ ಮನೆ ಚಾರ್ಜರನ್ನು ನೆರೆಯವರೊಂದಿಗೆ ಹಂಚಿಕೊಳ್ಳಲು 'ಕೋ ಚಾರ್ಜರ್' ಎಂಬ ಆ್ಯಪ್ ಬಂದಾಗ, ಅದರ ಮುಖ್ಯ ಉಪಯೋಗವೇ ದರ ಮೊದಲೇ ಗೊತ್ತಿರುವುದರಿಂದ ಬಾಯಿಬಿಟ್ಟು ಕೇಳುವ ಮುಜುಗರ ತಪ್ಪುವುದಾಗಿತ್ತು. ನಮಗೆ ಆ್ಯಪೂ ಬೇಕಿಲ್ಲ. ಒಂದು ಬೋರ್ಡು, ಒಂದು ನೋಟ್‌ಬುಕ್ಕು ಸಾಕು.

ನನ್ನ ಲೆಕ್ಕ ಇಲ್ಲಿದೆ, ಯಾರು ಬೇಕಾದರೂ ಪರೀಕ್ಷಿಸಬಹುದು. ಯೂನಿಟ್ಟಿಗೆ 9 ರೂಪಾಯಿ. ಸ್ಕೂಟರು ಖಾಲಿಯಿಂದ ತುಂಬಲು ಸುಮಾರು 3 ಯೂನಿಟ್, ಅಂದರೆ 27 ರೂಪಾಯಿ, ಅದರಲ್ಲಿ 80–90 ಕಿಲೋಮೀಟರ್ ಓಡುತ್ತದೆ. ಆಟೊಗೆ 7 ಯೂನಿಟ್. ಹೋದ ತಿಂಗಳು ಒಟ್ಟು 212 ಯೂನಿಟ್ ಹೋಯಿತು, 1,908 ರೂಪಾಯಿ ಬಂತು. ಕರೆಂಟಿನ ದರ, ನಿಗದಿತ ಶುಲ್ಕ, ಶೇ. 9ರ ವಿದ್ಯುತ್ ತೆರಿಗೆ ಎಲ್ಲ ಕಳೆದು ನನ್ನ ಕೈಯಲ್ಲಿ ಉಳಿದದ್ದು ಐನೂರು ಚಿಲ್ಲರೆ. ಪಾಯಿಂಟ್ ಹಾಕಿಸಲು ಖರ್ಚಾದ ದುಡ್ಡು ಇನ್ನೂ ಹುಟ್ಟಿಲ್ಲ. ಇದು ವ್ಯಾಪಾರ ಎಂದು ನೋಟಿಸಿನಲ್ಲಿ ಒಂದು ಪದ ಬಳಸಿದ್ದೀರಿ. ಲೆಕ್ಕ ನೋಡಿದ ಮೇಲೆ ಆ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೀರಿ ಎಂದು ಭಾವಿಸುತ್ತೇನೆ.

ಸ್ವಂತ ಕಾರು, ಸ್ವಂತ ಚಾರ್ಜರು ಇರುವ ಮನೆಗಳವರ ಮಾತು ನನಗೆ ಹೆಚ್ಚು ನೋವು ತಂದಿತು. "ನಾವು ದುಡ್ಡು ಹಾಕಿ ಹಾಕಿಸಿಕೊಂಡಿದ್ದೀವಿ, ಅವರೂ ಹಾಕಿಸಿಕೊಳ್ಳಲಿ" ಎಂದರು. ಹಾಕಿಸಿಕೊಳ್ಳಲು ಗೋಡೆ ಯಾರದ್ದು? ಬಾಡಿಗೆದಾರರದ್ದಲ್ಲವಲ್ಲ. ಕಟ್ಟಡಗಳ ಪಾರ್ಕಿಂಗಿನಲ್ಲಿ ಶೇ. 20ರಷ್ಟು ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಎಂದು 2019ರಲ್ಲಿ ಕೇಂದ್ರ ಸರ್ಕಾರ ಮಾದರಿ ಕಟ್ಟಡ ಉಪವಿಧಿಗಳಿಗೆ ಸೇರಿಸಿತು. ಆದರೆ ನಮ್ಮದು ತೊಂಬತ್ತರ ದಶಕದ ಬಡಾವಣೆ. ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಮಹಡಿ, ಕೆಳಗೆ ಎರಡು ಕಾರು ನಿಲ್ಲುವಷ್ಟು ಜಾಗ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ರಾಜ್ಯದಲ್ಲಿ ಐದು ಸಾವಿರ ದಾಟಿವೆ, ಅವುಗಳಲ್ಲಿ ಬಹುಪಾಲು ನಮ್ಮ ಬೆಂಗಳೂರು ನಗರ ಜಿಲ್ಲೆಯಲ್ಲೇ ಇವೆ, ನಿಜ. ಬೆಸ್ಕಾಂನ ಇವಿ ಮಿತ್ರ ಆ್ಯಪ್ ತೆರೆದರೆ ಭೂಪಟದಲ್ಲೂ ಕಾಣಿಸುತ್ತವೆ. ಆದರೆ ರಾತ್ರಿಯೆಲ್ಲ ನಿಂತು ಕೆಲಸ ಮಾಡಿ ಬೆಳಗ್ಗೆ 8ಕ್ಕೆ ಬಂದ ಹುಡುಗಿ ಮೂರು ಕಿಲೋಮೀಟರ್ ಆಚೆಯ ಶಾಪಿಂಗ್ ಮಾಲ್‌ಗೆ ಹೋಗಿ ಮೂರು ಗಂಟೆ ಕಾಯಬೇಕೇ? ಗಾಡಿ ನಿಂತಿರುವ ಹೊತ್ತಿನಲ್ಲಿ, ನಿಂತಿರುವ ಬೀದಿಯಲ್ಲಿ ಚಾರ್ಜ್ ಆಗಬೇಕು. ಉಳಿದ ಎಲ್ಲ ಏರ್ಪಾಡೂ ಅದಕ್ಕಿಂತ ಕಷ್ಟದ್ದು.

ಬೆಂಕಿಯ ವಿಷಯ. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ ಒಬ್ಬ ತಂದೆ ಮತ್ತು ಮಗಳು ತೀರಿಕೊಂಡರು. ಆ ಸುದ್ದಿ ನನಗೂ ಮರೆತಿಲ್ಲ. ಅಂಥ ಘಟನೆಗಳಾದ ಮೇಲೆಯೇ ಬ್ಯಾಟರಿಗಳ ಸುರಕ್ಷತೆಯ ನಿಯಮ ಬಿಗಿಯಾಯಿತು, ಆ ವರ್ಷದ ಡಿಸೆಂಬರಿನಲ್ಲಿ ಒಂದು ಹಂತ, 2023ರ ಮಾರ್ಚಿನ ಕೊನೆಗೆ ಇನ್ನೊಂದು ಹಂತ. ಈಗ ನೀವೇ ಯೋಚಿಸಿ. ನನ್ನ ಪಾಯಿಂಟು ಬಯಲಿನಲ್ಲಿದೆ, ಮೇಲೆ ಶೀಟು ಹಾಕಿದೆ, ನಾಲ್ಕು ಸ್ಕ್ವೇರ್ ಎಂಎಂ ತಾಮ್ರದ ವೈರಿದೆ, ಅದಕ್ಕೆಂದೇ ಅರ್ಥಿಂಗ್ ಗುಂಡಿ ತೋಡಿಸಿದೆ, ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ಚಿದೆ, 30 ಮಿಲಿ ಆಂಪ್ಸ್ ಕರೆಂಟು ಲೀಕಾದರೂ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ಚಿದೆ. ಪ್ರತಿ ತಿಂಗಳ ಒಂದನೇ ತಾರೀಕು ಟೆಸ್ಟ್ ಬಟನ್ ಒತ್ತಿ ನೋಡುತ್ತೇನೆ. ಇದನ್ನು ಕಿತ್ತುಹಾಕಿದರೆ ಆ ಗಾಡಿಗಳು ಚಾರ್ಜ್ ಆಗುವುದು ನಿಲ್ಲುವುದಿಲ್ಲ. ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರಿನ ಪಕ್ಕ, ಟಿವಿಗೆಂದು ಇಟ್ಟ 5 ಆಂಪ್ಸ್ ಸಾಕೆಟ್ಟಿನಲ್ಲಿ, ಕಿಟಕಿಯಿಂದ ಇಳಿದ ವೈರಿನಲ್ಲಿ ಆಗುತ್ತವೆ. ಬೆಂಕಿಗೆ ಹೆದರುವವರು ಹೆದರಬೇಕಾದದ್ದು ಅದಕ್ಕೆ.

ಇನ್ನು "ಹೊರಗಿನವರು" ಎಂಬ ಮಾತು. ಯಾರಿವರು? ಒಬ್ಬರು ಹಿಂದಿನ ರಸ್ತೆಯಲ್ಲಿ ಹತ್ತು ವರ್ಷದಿಂದ ಇರುವ ಎಲೆಕ್ಟ್ರಿಕ್ ಆಟೊ ಚಾಲಕರು. ನಮ್ಮ ಬೀದಿಯ ಎಷ್ಟೋ ಹಿರಿಯರನ್ನು ಡಯಾಲಿಸಿಸ್ಸಿಗೆ ಕರೆದೊಯ್ದು ಕರೆತರುವವರು ಅವರೇ. ಇನ್ನಿಬ್ಬರು ಊಟ ತಲುಪಿಸುವ ಹುಡುಗರು, ಯಾದಗಿರಿ ಕಡೆಯವರು. ಮಧ್ಯಾಹ್ನದ ಆರ್ಡರುಗಳು ಮುಗಿದ ಮೇಲೆ 3ರಿಂದ 5ರವರೆಗೆ ಬಂದು ಗಾಡಿ ಸಿಕ್ಕಿಸಿ, ನಮ್ಮ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿ ಊಟ ಮಾಡುತ್ತಾರೆ. ಅವರು ತರುವ ಊಟ ನಮ್ಮ ಎಲ್ಲ ಮನೆಯ ಬಾಗಿಲಿಗೂ ಬರುತ್ತದೆ. ಸಂಘದ ಪದಾಧಿಕಾರಿಗಳ ಮನೆಗೆ ಭಾನುವಾರ ಬರುವ ನೆಂಟರ ಎಲೆಕ್ಟ್ರಿಕ್ ಕಾರು ಅಲ್ಲೇ ಚಾರ್ಜ್ ಆಗುತ್ತದೆ, ಅದು ಸರಿಯೇ, ಆಗಲಿ. ಆ ನೆಂಟರನ್ನು ನಾವು ಹೊರಗಿನವರು ಅನ್ನುವುದಿಲ್ಲ. ಈ ಹುಡುಗರನ್ನು ಅನ್ನುತ್ತೇವೆ. ಇದು ಭದ್ರತೆಯ ಮಾತು ಅಲ್ಲವೆಂದು ನನ್ನ ಮನಸ್ಸಿಗೆ ಅನ್ನಿಸುತ್ತದೆ, ನಿಮ್ಮ ಮನಸ್ಸನ್ನೂ ಒಮ್ಮೆ ಕೇಳಿ ನೋಡಿ.

ನನ್ನ ಕಡೆಯ ತಪ್ಪೂ ಇದೆ. ಎದುರುಮನೆಯವರ ಗೇಟಿಗೆ ಅಡ್ಡವಾಗಿ ಎರಡು ಸಲ ಆಟೊ ನಿಂತಿತ್ತು, ಅವರು ಆಫೀಸಿಗೆ ಹೊರಡಲು ತಡವಾಯಿತು. ಒಂದು ರಾತ್ರಿ 11ರ ಮೇಲೆ ಗಾಡಿ ತೆಗೆಯಲು ಬಂದವರು ಜೋರಾಗಿ ಮಾತಾಡಿದ್ದರಿಂದ ಪಕ್ಕದ ಮನೆಯ ಮಗು ಎದ್ದಿತು. ಇಬ್ಬರ ಮನೆಗೂ ಹೋಗಿ ಕ್ಷಮೆ ಕೇಳಿದ್ದೇನೆ. ಅಂದಿನಿಂದ ಬೆಳಗ್ಗೆ 6ರಿಂದ ರಾತ್ರಿ 9ರವರೆಗೆ ಮಾತ್ರ, ಒಂದು ಸಲಕ್ಕೆ ಒಂದೇ ಗಾಡಿ, ಅದೂ ನನ್ನ ಗೇಟಿನ ಉದ್ದದೊಳಗೆ ಎಂದು ಬೋರ್ಡಿನಲ್ಲಿ ಬರೆಸಿದ್ದೇನೆ. ಸಂಘ ಇದಕ್ಕಿಂತ ಬಿಗಿಯಾದ ನಿಯಮ ಹೇಳಿದರೂ ಪಾಲಿಸುತ್ತೇನೆ.

ಟ್ರಾನ್ಸ್‌ಫಾರ್ಮರಿಗೆ ಲೋಡ್ ಬೀಳುತ್ತದೆ ಎಂದು ಕಾರ್ಯದರ್ಶಿಗಳು ಗುಂಪಿನಲ್ಲಿ ಬರೆದಿದ್ದರು. ಸರಿಯಾದ ಕಾಳಜಿ, ಆದರೆ ಲೆಕ್ಕ ತಿರುಗುಮುರುಗಾಗಿದೆ. ಕಾರಿನ ಗೋಡೆ ಚಾರ್ಜರ್ 7.2 ಕಿಲೋವ್ಯಾಟ್ ಎಳೆಯುತ್ತದೆ. ಮೂವತ್ತು ಮನೆಯವರು ತಮ್ಮ ತಮ್ಮದನ್ನು ಹಾಕಿಸಿಕೊಂಡು ರಾತ್ರಿ ಊಟವಾದ ಮೇಲೆ ಒಟ್ಟಿಗೆ ಸ್ವಿಚ್ ಹಾಕಿದರೆ 216 ಕಿಲೋವ್ಯಾಟ್. ನನ್ನ ಪಾಯಿಂಟು ಎಳೆಯುವುದು ಹೆಚ್ಚೆಂದರೆ 3.3, ಅದೂ ಸರದಿಯ ಮೇಲೆ, ಬಹುಪಾಲು ಹಗಲು ಹೊತ್ತಿನಲ್ಲಿ. ಹಂಚಿಕೊಂಡರೆ ಮೂಲೆಯ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಕಾನೂನಿನ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ನೆರೆಹೊರೆಯವರ ನಡುವೆ ಅದು ಮೊದಲು ಬರಬಾರದು. ಗಾಡಿ ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದು ವಿದ್ಯುತ್ ಮಾರಾಟವಲ್ಲ, ಅದಕ್ಕೆ 2003ರ ವಿದ್ಯುತ್ ಕಾಯ್ದೆಯಡಿ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಇವಿ ನೀತಿಯನ್ನು ದೇಶದಲ್ಲೇ ಮೊದಲು ತಂದದ್ದು ನಮ್ಮ ರಾಜ್ಯ, 2017ರಲ್ಲಿ. ನನ್ನ ಗೋಡೆಯ ಮೇಲೆ, ನನ್ನ ಹೆಸರಿನ ಮೀಟರಿನಲ್ಲಿ ಇರುವುದನ್ನು ತೆಗೆಸುವ ಅಧಿಕಾರ ಸಂಘಕ್ಕೆ ಯಾವ ನಿಯಮದಿಂದ ಬಂತು ಎಂದು ನೋಟಿಸಿನಲ್ಲಿ ಹೇಳಿಲ್ಲ. ತಿಳಿಸಿದರೆ ಓದುತ್ತೇನೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದು, ನೋಟಿಸನ್ನು ಹಿಂದಕ್ಕೆ ಪಡೆದು, ಅದನ್ನು ಹಾಕಿದ ಗುಂಪಿನಲ್ಲೇ ತಿಳಿಸಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತನ್ನಿ, ಪಾಯಿಂಟ್ ಬಳಸುವವರನ್ನೂ ಕೂರಿಸಿಕೊಂಡು ಮಾತಾಡಿ. ಬಾಡಿಗೆದಾರರಿಗೆ ಸಭೆಯಲ್ಲಿ ಮತ ಇಲ್ಲದಿದ್ದರೂ ಮಾತು ಇರಲಿ. ಪಾರ್ಕಿನ ಪಕ್ಕದ ಸಂಘದ ಕಚೇರಿಯ ಗೋಡೆಗೆ ಇಂಥದ್ದೇ ಒಂದು ಪಾಯಿಂಟನ್ನು ಸಂಘದ ಹೆಸರಿನಲ್ಲೇ ಹಾಕಿಸಿ. ವೈರಿಂಗ್ ಕೆಲಸವನ್ನು ನಾನು ಕೂಲಿ ಇಲ್ಲದೆ ನಿಂತು ಮಾಡಿಸುತ್ತೇನೆ. ಉಳಿದ ಹಣ ಪಾರ್ಕಿನ ಮಾಲಿಯ ಸಂಬಳಕ್ಕೆ ಹೋಗಲಿ. ಆಗ ಯಾರಿಗೂ ಯಾರ ಮನೆಯ ಹಂಗೂ ಇರುವುದಿಲ್ಲ.

ಮನೆ ಮಾಲೀಕರಲ್ಲಿ ಪ್ರತ್ಯೇಕವಾಗಿ ಕೈಮುಗಿದು ಕೇಳುತ್ತೇನೆ. ಬಾಡಿಗೆದಾರರು ತಮ್ಮದೇ ಮೀಟರಿನಿಂದ, ತಮ್ಮದೇ ಖರ್ಚಿನಲ್ಲಿ, ಪಾರ್ಕಿಂಗಿನಲ್ಲಿ ಒಂದು ಪಾಯಿಂಟ್ ಎಳೆಸಿಕೊಳ್ಳಲು ದಯವಿಟ್ಟು ಒಪ್ಪಿಗೆ ಕೊಡಿ. ಗೋಡೆಗೆ ನಾಲ್ಕು ರಂಧ್ರ ಬೀಳುತ್ತವೆ, ಮನೆ ಬಿಡುವಾಗ ಪಾಯಿಂಟು ನಿಮಗೇ ಉಳಿಯುತ್ತದೆ. ನೀವು ಒಪ್ಪಿದರೆ ನನ್ನ ಗೇಟಿಗೆ ಬರುವ ಅರ್ಧದಷ್ಟು ಜನ ಬರುವುದೇ ಬೇಕಿಲ್ಲ. ಕೆಲಸ ಸರಿಯಾಗಿದೆಯೇ ಎಂದು ಬಂದು ನೋಡಿ ಹೇಳಲು ನಾನು ಸಿದ್ಧನಿದ್ದೇನೆ, ಒಂದು ಫೋನ್ ಮಾಡಿದರೆ ಸಾಕು.

ಸಭೆ ನಡೆಯುವವರೆಗೆ ಪಾಯಿಂಟನ್ನು ನಾನು ತೆಗೆಯುವುದಿಲ್ಲ. ನೋಟ್‌ಬುಕ್ಕು ಗೇಟಿಗೆ ಹಾಗೇ ನೇತಾಡುತ್ತಿರುತ್ತದೆ, ಹೋಗಿಬರುವಾಗ ಬಿಡಿಸಿ ಓದಿ. ಸಭೆಯನ್ನು ಸಂಜೆ 5ರೊಳಗೆ ಮುಗಿಯುವ ಹಾಗೆ ಇಟ್ಟರೆ ಉಪಕಾರ. 7ಕ್ಕೆ ಆ ಹುಡುಗಿ ಡ್ಯೂಟಿಗೆ ಹೊರಡಬೇಕು, ಅವಳ ಮಾತನ್ನು ನೀವೆಲ್ಲ ಕೇಳಬೇಕೆಂಬುದು ನನ್ನ ಆಸೆ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ಅಡ್ಡರಸ್ತೆಯ ನಿವಾಸಿ, ನಿವೃತ್ತ ಐಟಿಐ ಬೋಧಕ
ಬೆಂಗಳೂರು